ಗಿಡ್ಡವ್ವನ ಕಿವಿ

ಕ್ರಿ.ಶ. 2024ನೆಯ ಇಸವಿ ಜನವರಿ 18, ಗುರುವಾರ. ಶೋಭಕೃತ್ ಸಂವತ್ಸರದ ಪುಷ್ಯ ಶುದ್ಧ ಅಷ್ಟಮಿ, ಹೇಮಂತ ಋತು. ಸಂಕ್ರಾಂತಿ ಕಳೆದರೂ ಚಳಿ ಹೊರಡುವ ಮನಸ್ಸು ಮಾಡಿರಲಿಲ್ಲ. ಸುರಪುರದ ಗುಡ್ಡಗಳ ನೆತ್ತಿಯ ಮೇಲೆ ಮಂಜು ಕುಳಿತಿತ್ತು. ಕಾಲುವೆಯ ನೀರುಂಡ ಭತ್ತದ ಗದ್ದೆಗಳ ಕಡೆಯಿಂದ ಬೀಸುವ ಗಾಳಿ ಕಿವಿಯನ್ನು ಚುಚ್ಚುತ್ತಿತ್ತು. ಹೊತ್ತೇರಿದರೆ ಇದೇ ಊರಿನಲ್ಲಿ ನೆರಳು ಹುಡುಕಬೇಕಾಗುತ್ತದೆ ಎಂದರೆ ಹೊರಗಿನವರು ನಂಬುವುದಿಲ್ಲ.

ಆ ಮುಂಜಾನೆ ರಂಗಂಪೇಟೆಯ ರತ್ನಾಬಾಯಿ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಮಗ ರಾಮಲಿಂಗನ ಆಟೋದಲ್ಲಿ ಕುಳಿತಳು. ಅವಳ ತೊಡೆಯ ಮೇಲೆ ಹಳೆಯ ಧೋತರದಲ್ಲಿ ಸುತ್ತಿದ ಗಂಟೊಂದಿತ್ತು. ಗಂಟಿನೊಳಗೆ ಇದ್ದವಳು ಗಿಡ್ಡವ್ವ: ಆಡಿನ ತೊಗಲಿನಲ್ಲಿ ಕೊರೆದ, ಮೊಳದುದ್ದದ, ಮೇಲಕ್ಕೆ ತಿರುಗಿದ ಮೂಗಿನ ಜಗಳಗಂಟಿ ಮುದುಕಿ ಗೊಂಬೆ. ಪಕ್ಕದಲ್ಲಿ ಕುಳಿತ ಗಂಡ ಪರಮಣ್ಣ ಗಂಟನ್ನೂ ಹೆಂಡತಿಯನ್ನೂ ನೋಡಿ ನಕ್ಕ.

"ಹಡದ ಮಗನ್ನ ಸೈತ ಇಷ್ಟು ಜ್ವಾಕಿಲೆ ಒಯ್ದಾಕಿಯಲ್ಲ ನೀ."

"ಮಗ ಬಿದ್ರ ಎದ್ದು ನಿಲ್ತಾನ. ಇಕಿ ಮೂಗು ಮುರದ್ರ ನೀ ಹೊಸಾದು ತಂದ್ಕೊಡ್ತೀಯೇನು?"

"ಕೇಳಿಸ್ಯಾದವ್ವ," ಎಂದು ರಾಮಲಿಂಗ ಮುಂದಿನಿಂದ ಕೂಗಿದ. "ನಾ ಇಲ್ಲೇ ಅದೀನಿ!"

ಆಟೋ ಶಹಾಪುರ ದಾಟಿ, ಭೀಮೆಯ ಸೇತುವೆ ದಾಟಿ, ಯಾದಗಿರಿಯ ಕಡೆಗೆ ಓಡಿತು. ಅಲ್ಲಿ ಅವರ ಧ್ವನಿಗಳನ್ನು ಮುದ್ರಿಸಿಕೊಳ್ಳುವುದಿತ್ತು.

ರತ್ನಾಬಾಯಿ ಹುಟ್ಟಿದ್ದು ಶಹಾಪುರದ ಹತ್ತಿರದ ಸಗರದಲ್ಲಿ. ಹುಟ್ಟಿದ ತಾರೀಖನ್ನು ಯಾರೂ ಬರೆದಿಡಲಿಲ್ಲ. ಆಧಾರ್ ಕಾರ್ಡಿನಲ್ಲಿ 1961ರ ಜನವರಿ 1 ಎಂದಿದೆಯಾದರೂ, ಆ ಕಾರ್ಡುಗಳನ್ನು ನಂಬುವುದಾದರೆ ಈ ತಾಲ್ಲೂಕಿನ ಅರ್ಧ ಮಂದಿ ಜನವರಿ ಒಂದರಂದೇ ಹುಟ್ಟಿರಬೇಕು. ಆದ್ದರಿಂದ ಅದನ್ನು ಅಲ್ಲಿಗೇ ಬಿಡುವುದು ಲೇಸು. ಮದುವೆಯ ದಿನ ಮಾತ್ರ ಖಚಿತ: 1978ರ ಮೇ 10, ಬುಧವಾರ, ಅಕ್ಷಯ ತದಿಗೆ. ಪರಮಣ್ಣನ ಮನೆತನ ತೊಗಲು ಗೊಂಬೆ ಆಡಿಸುವ ಮನೆತನ. ಬಿಳಿಯ ಪರದೆಯ ಹಿಂದೆ ದೀಪ; ದೀಪಕ್ಕೂ ಪರದೆಗೂ ನಡುವೆ ಗೊಂಬೆ; ಗೊಂಬೆಯ ಹಿಂದೆ ಕಡ್ಡಿ ಹಿಡಿದು ಹಾಡುವ, ಮಾತನಾಡುವ, ಹಲಗೆಯ ಮೇಲೆ ಗೆಜ್ಜೆಗಾಲು ಕುಟ್ಟುವ ಗಂಡ ಹೆಂಡತಿ. ಗಂಡು ಪಾತ್ರಗಳೆಲ್ಲ ಗಂಡನವು. ಹೆಣ್ಣು ಪಾತ್ರಗಳು ಹೆಂಡತಿಯವು.

ಗಿಡ್ಡವ್ವನನ್ನು ರತ್ನಾಬಾಯಿಯ ಕೈಗೆ ಕೊಟ್ಟವಳು ಅತ್ತೆ ಸಕ್ಕೂಬಾಯಿ. ಆಕೆ ಮಾತು ಕಲಿಸಲಿಲ್ಲ. ಗಿಡ್ಡವ್ವನಿಗೆ ಕಲಿತ ಮಾತೇ ಇಲ್ಲ. ರಾಜ ರಾಣಿಯರ ಹಾಡುಗಳು ಹಿರಿಯರಿಂದ ಬಂದವು, ಅವುಗಳಲ್ಲಿ ಒಂದಕ್ಷರ ಕದಲುವಂತಿಲ್ಲ. ಗಿಡ್ಡವ್ವನದು ಹಾಗಲ್ಲ. ಕಥೆಗೆ ಮುಂಚೆ ಅವಳು ಪರದೆಯ ಮೇಲೆ ಬಂದು, ನೆರೆದ ಮಂದಿಯನ್ನು ಈ ಸೀಮೆಯ ರೂಢಿಯಂತೆ 'ದೈವ' ಎಂದು ಕರೆದು, "ಉಂಡ್ರೇನ್ರಿ ದೈವ?" ಎಂದು ಕೇಳಬೇಕು. ಮಂದಿಯಲ್ಲಿ ಯಾರಾದರೂ ಉತ್ತರ ಕೊಡಬೇಕು. ಆ ಉತ್ತರವನ್ನು ಹಿಡಿದು ಗಿಡ್ಡವ್ವ ಅವರನ್ನು ಆಡಿಕೊಳ್ಳಬೇಕು, ಅವರು ತಿರುಗಿ ಕೊಡಬೇಕು. ದೈವ ಬಾಯಿ ತೆರೆಯದ ಹೊರತು ಆಟ ಶುರುವಾದಂತೆ ಅಲ್ಲ. ಇದು ಆ ಮನೆತನದ ಕಟ್ಟುಪಾಡು. "ಯಾವ ಮಾತನ್ನೂ ನೆಲಕ್ಕ ಬೀಳಗೊಡಬ್ಯಾಡ" ಎಂಬುದಷ್ಟೇ ಅತ್ತೆಯ ಉಪದೇಶ. ಸೊಸೆ ಬೀಳಗೊಡಲಿಲ್ಲ. ಹತ್ತಿಕುಣಿಯಿಂದ ಬೋನಾಳದವರೆಗೆ ಅವಳ ಗಿಡ್ಡವ್ವನಿಂದ ಬೈಸಿಕೊಳ್ಳದ ಗೌಡನಿಲ್ಲ, ಶಾನುಭೋಗನಿಲ್ಲ. ಬೈಸಿಕೊಂಡವರೇ ಮರುವರ್ಷ ಮುಂದಿನ ಸಾಲಿನಲ್ಲಿ ಜಾಗ ಹಿಡಿಯುತ್ತಿದ್ದರು.

ಈಗ ಆ ಆಟವನ್ನು ಚಿತ್ರೀಕರಿಸುವುದಾಗಿತ್ತು. ಜನಪದ ಕಲೆಗಳನ್ನು ಕಾಪಿಡುವ ದೂರದ ಸಂಸ್ಥೆಯೊಂದು ಈ ಕೆಲಸವನ್ನು ಯಾದಗಿರಿಯ ವಿಶ್ವರಾಧ್ಯನಿಗೆ ಒಪ್ಪಿಸಿತ್ತು. ವಿಶ್ವರಾಧ್ಯ ಮದುವೆ ಮುಂಜಿಗಳನ್ನು ಚಿತ್ರೀಕರಿಸಿ ಕೈ ಪಳಗಿಸಿಕೊಂಡ ತರುಣ. ಕೆಲಸದಲ್ಲಿ ಶಿಸ್ತು, ಮಾತಿನಲ್ಲಿ ಮರ್ಯಾದೆ. ಧ್ವನಿಯನ್ನು ಮೊದಲೇ ಮುದ್ರಿಸಿ, ಆಮೇಲೆ ಅದಕ್ಕೆ ತಕ್ಕಂತೆ ಗೊಂಬೆ ಆಡಿಸಿ ಚಿತ್ರ ತೆಗೆಯಬೇಕೆಂಬುದು ಅವನ ಯೋಜನೆ. ಅದಕ್ಕೆ ಅವನು ಕೊಟ್ಟ ಕಾರಣಗಳನ್ನು ತಳ್ಳಿಹಾಕುವಂತಿರಲಿಲ್ಲ. ಒಂದೇ ದೃಶ್ಯವನ್ನು ಮುಂದಿನಿಂದ, ಬದಿಯಿಂದ, ಪರದೆಯ ಹಿಂದಿನಿಂದ ಮೂರು ಸಲ ತೆಗೆಯಬೇಕು. ಮೂರು ಸಲವೂ ಮಾತು ಒಂದೇ ಇದ್ದರೆ ತಾನೇ ಜೋಡಿಸಲು ಬರುವುದು? ಅಲ್ಲದೆ ಪರಮಣ್ಣನ ಗೆಜ್ಜೆಗಾಲಿನ ಕುಟ್ಟಿಗೆ ಹಾಡಿನ ಅಕ್ಷರಗಳೇ ಮುಳುಗಿ ಹೋಗುತ್ತಿದ್ದವು.

"ರತ್ನವ್ವ, ಗಿಡ್ಡವ್ವಂದು ಒಮ್ಮಿ ಏನ್ ಅಂತೀರಿ, ಅದನ್ನ ಮೂರೂ ಸರ್ತಿ ಆಡಿಸ್ಬೇಕ್ರಿ," ಎಂದಿದ್ದ ಅವನು. "ನಿಮಗ ಆಗಂಗಿಲ್ಲಂದ್ರ ಸೊಸಿ ಚಂದ್ರಕಲಾ ಅದಾರಲ್ಲ, ಅವರು ಮಾಡ್ಲಿ."

ಚಂದ್ರಕಲಾ ಒಳ್ಳೆಯ ಹುಡುಗಿ, ಧ್ವನಿ ಇನ್ನೂ ಒಳ್ಳೆಯದು. ರತ್ನಾಬಾಯಿಗೆ ಅವಳ ಮೇಲೆ ಅಸೂಯೆ ಇರಲಿಲ್ಲ. ಆದರೆ ಆ ಆಟದ ಚಿತ್ರವೆಂದು ಉಳಿಯುವುದು ಇದೊಂದೇ. ಅದರಲ್ಲಿ ಗಿಡ್ಡವ್ವ ತನ್ನ ಕೈಯಲ್ಲೇ ಇರಬೇಕೆಂದು ಅವಳಿಗೆ ಆಸೆ. ಆ ಆಸೆಯನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೂ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಧ್ವನಿ ಮುದ್ರಿಸುವ ಕೋಣೆ ಮೈಕ್‌ಸೆಟ್ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು. ಸದ್ದು ಹೊರಗಿನಿಂದ ಬಾರದಂತೆ ನಾಲ್ಕು ಗೋಡೆಗೂ ಕೌದಿ ತೂಗುಬಿಟ್ಟಿದ್ದರು. ರತ್ನಾಬಾಯಿ ಒಂದು ಕೌದಿಯ ಹೊಲಿಗೆಯನ್ನು ಬೆರಳಿನಿಂದ ಸವರಿ, "ಛಲೋ ಕೈ ಅದ" ಎಂದಳು. ಮೈಕಿನ ಮುಂದೆ ಕುಳಿತು ಗಂಟು ಬಿಚ್ಚಿದಳು.

"ಅವ್ವಾ, ಗೊಂಬಿ ಯಾಕ್ರಿ?" ಎಂದ ವಿಶ್ವರಾಧ್ಯ. "ಬರೇ ಮಾತು ಸಾಕು."

"ತಮ್ಮಾ, ಇಕಿ ಇಲ್ಲಂದ್ರ ಮಾತಾಡಾಕಿ ಯಾರು?"

ರಾಣಿಯ ಅಳಲಿನ ಹಾಡು ಮೊದಲಿಗೆ ಆಯಿತು, ಒಂದೇ ಸಲಕ್ಕೆ. ರಾಜನ ಹಾಡುಗಳನ್ನು ಪರಮಣ್ಣ ಗೆಜ್ಜೆ ಬಿಚ್ಚಿಟ್ಟು ಹಾಡಿದ. ಕೊನೆಗೆ ಗಿಡ್ಡವ್ವನ ಸರದಿ ಬಂತು.

"ಉಂಡ್ರೇನ್ರಿ ದೈವ?" ಎಂದು ರತ್ನಾಬಾಯಿ ಕೇಳಿದಳು. ಕೇಳಿ, ಕಾದಳು.

ಗಾಜಿನ ಆಚೆ ವಿಶ್ವರಾಧ್ಯ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದ. ಪರಮಣ್ಣ ಉಸಿರು ಬಿಗಿಹಿಡಿದಿದ್ದ. ಕೌದಿಗಳು ಮಾತನಾಡುವುದಿಲ್ಲ. ಅವಳು ಮತ್ತೊಮ್ಮೆ ಕೇಳಿದಳು, ಮತ್ತೆ ಕಾದಳು. ಕೊನೆಗೆ ಗಿಡ್ಡವ್ವ ತಾಳ್ಮೆಗೆಟ್ಟಳು.

"ಏನ್ ದೈವವೋ ಯಪ್ಪಾ, ಉಂಡು ಬಂದೀರೋ ನಾಲಿಗಿ ನುಂಗಿ ಬಂದೀರೋ?"

ಪರಮಣ್ಣನಿಗೆ ನಗೆ ತಡೆಯದೆ ಕೆಮ್ಮು ಬಂತು. ಆ ಮುದ್ರಣ ಕೆಟ್ಟಿತು. ಮರುಸಲ ರತ್ನಾಬಾಯಿ ಒಂದು ಉಪಾಯ ಮಾಡಿದಳು: ಎದುರಿಗೆ ಮಂದಿ ಇದ್ದಾರೆಂದು ನೆನೆದು, ಅವರು ಏನೆಂದಾರು ಎಂಬುದನ್ನೂ ತಾನೇ ನೆನೆದು, ಅವರ ಮಾತಿಗೆ ಬೇಕಾಗುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ತನ್ನ ಮಾತು ಹೇಳಿದಳು. ಕೆಲಸ ಮುಗಿಯಿತು. ಕೆಳಗಿಳಿದು ಬರುವಾಗ, "ಖಾಲಿ ಮನಿಯಾಗ ಬೀಗರನ್ನ ಕರದಂಗಾತು" ಎಂದಳು.

ಚಿತ್ರೀಕರಣ ನಡೆದದ್ದು ಫೆಬ್ರವರಿ 3, ಶನಿವಾರ, ಸುರಪುರದ ಹತ್ತಿ ಗೋದಾಮೊಂದರಲ್ಲಿ. ಕಿಟಕಿಗಳಿಗೆ ಕರಿಯ ತಾಡಪತ್ರಿ ಹೊದಿಸಿ ಹಗಲನ್ನೇ ಕತ್ತಲೆ ಮಾಡಿದ್ದರು. ಗೋಡೆಯ ಗುಂಟ ಹತ್ತಿ ಬಿಗಿದು ತುಂಬಿದ ಮೂಟೆಗಳು, ಅಂಡಿಗೆಗಳು. ಅವುಗಳ ಮೇಲೆ, ಆ ದಿನ ಕೆಲಸವಿಲ್ಲದ ಹಮಾಲರು ತಮಾಷೆ ನೋಡಲು ಹತ್ತಿ ಕುಳಿತಿದ್ದರು. ಅವರ ಮುಖ್ಯಸ್ಥ ಯಾಕೂಬಸಾಬ, ನರೆತ ಗಡ್ಡದ, ಬಾಯಿ ಸುಮ್ಮನಿರದ ಮನುಷ್ಯ. ಅವರಿಗೆಲ್ಲ ವಿಶ್ವರಾಧ್ಯ ಸ್ಪೀಕರ್ ಪೆಟ್ಟಿಗೆಯನ್ನು ತೋರಿಸಿ ಒಂದೇ ಮಾತು ಹೇಳಿದ್ದ: "ಸದ್ದು ಮಾಡಿದ್ರೂ ನಡೀತದ್ರಿ, ಧ್ವನಿ ಪೆಟ್ಟಿಗ್ಯಾಗೇ ಅದ."

ಮೊದಲನೆಯ ದೃಶ್ಯ, ರಾಜನ ಕುದುರೆ ನೆರೆ ಬಂದ ಕೃಷ್ಣೆಯನ್ನು ಹಾರುವುದು. ಇದು ಪರಮಣ್ಣನ ತಂದೆ ಕಟ್ಟಿದ ಕಥೆ. ಧ್ವನಿ ಶುರುವಾಯಿತು, ಕುದುರೆ ಪರದೆಯ ಮೇಲೆ ಬಂತು, ಮುಂಗಾಲು ಎತ್ತಿತು. ಎತ್ತಿದ ಕಾಲು ಇನ್ನೂ ಮೇಲೆಯೇ ಇರುವಾಗ, ಪೆಟ್ಟಿಗೆಯೊಳಗಿನ ರಾಜ "ದಂಡಿ ಮುಟ್ಟಿದೆನು, ರಾಣಿ!" ಎಂದು ಹಾಡಿಬಿಟ್ಟ. ಪರಮಣ್ಣ ಗಾಬರಿಯಿಂದ ಕುದುರೆಯನ್ನು ಎಳೆದ. ಕುದುರೆ ಹೊಳೆಯ ನಡುವೆ ಮೂತಿ ಕೆಳಗಾಗಿ ಬಿದ್ದಿತು.

"ಏನಾತ್ರಿ ಪರಮಣ್ಣ?"

"ನನ್ನ ಬಾಯಿ ನನಗಿಂತ ಮುಂದ ಹೋಗ್ಯಾದ್ರಿ! ನಾ ಇನ್ನಾ ಹೊಳಿಯಾಗ ಅದೀನಿ!"

ಕಾರಣ ಬೇಗ ತಿಳಿಯಿತು. ಮುದ್ರಿಸಿದ್ದನ್ನು ಓರಣ ಮಾಡುವಾಗ ಮಾತಿಲ್ಲದ ಎಡೆಗಳೆಲ್ಲ ವ್ಯರ್ಥವೆಂದು ತಿಳಿದು ವಿಶ್ವರಾಧ್ಯ ಕತ್ತರಿಸಿದ್ದ. ಕುದುರೆ ಹಾರುವ ಹೊತ್ತು ಆ ಮೌನದಲ್ಲಿತ್ತು. ಅವನು ಹಣೆ ತಟ್ಟಿಕೊಂಡು, ಮೂಲ ಮುದ್ರಣ ಲ್ಯಾಪ್‌ಟಾಪಿನಲ್ಲಿಯೇ ಇದೆ, ಹಾಡುಗಳ ಎಡೆಗಳನ್ನು ಈಗಲೇ ಮರಳಿ ಕೂಡಿಸುತ್ತೇನೆ ಎಂದ. ಅದು ಸರಿಹೋಗುವಷ್ಟರಲ್ಲಿ ಗಿಡ್ಡವ್ವನ ದೃಶ್ಯ ಮುಗಿಸೋಣವೆಂದ. ಅಲ್ಲಿ ಯಾರೂ ಹೊಳೆ ಹಾರುವುದಿಲ್ಲವಲ್ಲ.

ರತ್ನಾಬಾಯಿ ಕಡ್ಡಿ ಹಿಡಿದಳು. ಪೆಟ್ಟಿಗೆ "ಉಂಡ್ರೇನ್ರಿ ದೈವ?" ಎಂದಿತು. ಎಂದಿದ್ದೇ ತಡ, ಉಸಿರೂ ಬಿಡದೆ "ಉಂಡವ್ರ ಮಾರಿ ಹಿಂಗ ಇರ್ತದೇನು?" ಎಂದು ಮುಂದುವರಿಯಿತು. ರತ್ನಾಬಾಯಿಗೆ ತಡೆಯಲಾಗಲಿಲ್ಲ.

"ತಡಿಯವ್ವ ತಾಯಿ! ಮಂದಿಗೆ ಬಾಯಿ ತಗಿಯಾಕರ ಬಿಡು!"

ಪೆಟ್ಟಿಗೆಯ ಗಿಡ್ಡವ್ವ ತನ್ನ ಪಾಡಿಗೆ ತಾನು ಬೈಯುತ್ತಾ ಹೋದಳು. ಪರದೆಯ ಹಿಂದಿನ ಗಿಡ್ಡವ್ವ ಅವಳಿಗೆ ಮಾತಿಗೆ ಮಾತು ಕೊಡುತ್ತಾ ಹೋದಳು. ಹಮಾಲರು ಅಂಡಿಗೆಗಳ ಮೇಲೆ ಬಿದ್ದು ನಕ್ಕರು. ಒಬ್ಬಳೇ ಮುದುಕಿ ಎರಡು ಬಾಯಲ್ಲಿ ಜಗಳವಾಡುವುದನ್ನು ಅವರು ಕಂಡಿರಲಿಲ್ಲ.

"ಅವ್ವಾ, ಅದು ನಿಮ್ಮ ಧ್ವನೀನೇ ಅಲ್ಲೇನ್ರಿ!" ಎಂದು ವಿಶ್ವರಾಧ್ಯ ಕೈಮುಗಿದ. "ಸುಮ್ಮ ಗೊಂಬಿ ಆಡಿಸ್ರಿ."

"ಗೊತ್ತದ ತಮ್ಮಾ. ಬಾಯಿಗೆ ಗೊತ್ತಾಗವಲ್ದು."

ಎರಡನೆಯ ಸಲ ಅವಳು ಸೆರಗಿನ ತುದಿಯನ್ನು ಮಡಚಿ ಹಲ್ಲಿನಲ್ಲಿ ಕಚ್ಚಿಕೊಂಡಳು. ಬಾಯಿ ಸುಮ್ಮನಾಯಿತು. ಅದರೊಂದಿಗೆ ಕೈಯೂ ಸುಮ್ಮನಾಯಿತು. ಗಿಡ್ಡವ್ವ ಪರದೆಗೆ ಅಂಟಿಸಿದ ಚಿತ್ರದಂತೆ ನಿಂತಳು. ತಲೆ ಅಲುಗಲಿಲ್ಲ, ಬೆರಳು ಚುಚ್ಚಲಿಲ್ಲ. ಇಷ್ಟು ವರ್ಷ ಒಂದೇ ಉಸಿರಿನಲ್ಲಿ ನಡೆದ ಬಾಯಿ ಮತ್ತು ಕೈ, ಒಂದನ್ನು ಕಟ್ಟಿದರೆ ಇನ್ನೊಂದು ಹೆಜ್ಜೆ ಇಡಲಾರೆನೆಂದವು. ಮೂರನೆಯ ಸಲವೂ ಅದೇ ಆಯಿತು. ವಿಶ್ವರಾಧ್ಯ ಗಡಿಯಾರ ನೋಡಿಕೊಂಡ. ರತ್ನಾಬಾಯಿ ತಾನಾಗಿಯೇ ಸೊಸೆಯ ಕಡೆಗೆ ಕಡ್ಡಿ ಚಾಚಿದಳು.

"ಹಿಡಿ ಚಂದ್ರಾ."

"ಅತ್ತಿ, ನಾ ಒಲ್ಲೆ."

"ಹಿಡಿ ಅಂದೆ. ಮೂಗು ಜ್ವಾಕಿ."

ಚಂದ್ರಕಲಾ ಹಿಡಿದಳು. ಮೊಬೈಲಿನ ಹಾಡಿಗೆ ಹೆಜ್ಜೆ ಹಾಕಿ ಬೆಳೆದ ಹುಡುಗಿ, ಪೆಟ್ಟಿಗೆಯ ಮಾತಿಗೆ ಕೈ ಕೂಡಿಸುವುದು ಅವಳಿಗೆ ಕಷ್ಟವಾಗಲಿಲ್ಲ. ರತ್ನಾಬಾಯಿ ಪರದೆಯ ಹಿಂದಿನಿಂದ ಎದ್ದು ಸುತ್ತುಹಾಕಿ ಮುಂದಕ್ಕೆ ಬಂದು, ಯಾಕೂಬಸಾಬನ ಬದಿಯ ಅಂಡಿಗೆಯ ಮೇಲೆ ಕುಳಿತಳು. ತಲೆ ಎತ್ತಿ ನೋಡಿದವಳು ಹಾಗೆಯೇ ಉಳಿದಳು. ಮದುವೆಯಾಗಿ ಬಂದಂದಿನಿಂದ ಗಿಡ್ಡವ್ವನನ್ನು ಪರದೆಯ ಹಿಂದಿನಿಂದ ಕಂಡಿದ್ದಳೇ ಹೊರತು ಮುಂದಿನಿಂದ ಕಂಡಿರಲಿಲ್ಲ. ಬೆಳಕು ತೂರಿಬಂದ ತೊಗಲಿನ ಮೇಲೆ ಕೆಂಪು ಸೀರೆ ದಾಳಿಂಬೆ ಕಾಳಿನಂತೆ ಹೊಳೆಯುತ್ತಿತ್ತು. ಮೂಗು ಆಕಾಶ ನೋಡುತ್ತಿತ್ತು. ಎಷ್ಟು ಚೆಲುವಾಗಿದ್ದಳು ಈ ಕುರೂಪಿ!

"ಉಂಡ್ರೇನ್ರಿ ದೈವ?" ಎಂದಳು ಗಿಡ್ಡವ್ವ, ರತ್ನಾಬಾಯಿಯ ಧ್ವನಿಯಲ್ಲಿ.

ಹಮಾಲರಿಗೆ ಈ ಪ್ರಶ್ನೆ ಹೊಸದಲ್ಲ. ಯಾಕೂಬಸಾಬ ಕೈಯೆತ್ತಿ ಕೂಗಿದ: "ಎಲ್ಲಿ ಉಂಡೇವವ್ವ! ನಿನ್ನ ಕೈಯಾಗಿನ ರೊಟ್ಟಿ ಮುರಿಯಾಕ ಕೊಡ್ಲಿ ಬೇಕಂತ ಹುಡುಕಾಕತ್ತೇವಿ!"

ಒಳ್ಳೆಯ ಮಾತು, ಗೋದಾಮು ನಕ್ಕಿತು. ಎಲ್ಲರೂ ಗಿಡ್ಡವ್ವನ ತಿರುಗೇಟಿಗೆ ಕಾದರು. ಗಿಡ್ಡವ್ವ ಮಾತ್ರ ಆ ನಗೆಯ ಮೇಲೆಯೇ ಬೇರೇನನ್ನೋ ಹೇಳುತ್ತಾ, ಕೈ ತಿರುವುತ್ತಾ, ಅಂದವಾಗಿ ನಡೆದುಹೋದಳು. ಯಾಕೂಬಸಾಬನ ಎತ್ತಿದ ಕೈ ಮೆಲ್ಲಗೆ ಇಳಿಯಿತು.

"ಅರೇ, ಮಾತಾಡ್ಸಿ ಮಾರಿ ತಿರುವ್ಕೊಂಡು ಹ್ವಾದ್ಲಲ್ಲ! ನಾನೇನ್ ಬ್ಯಾರೇ ಊರವನೇನು?" ಎಂದು ಅವನು ರತ್ನಾಬಾಯಿಯ ಕಡೆಗೆ ತಿರುಗಿದ. ಮುಖದಲ್ಲಿ ನಗೆಯಿತ್ತು, ಅದರ ಕೆಳಗೆ ಕೊಂಚ ನೋವೂ ಇತ್ತು.

"ಸಿಟ್ಟಾಗಬ್ಯಾಡ್ರಿ ಯಾಕೂಬಸಾಬ್ರ," ಎಂದಳು ರತ್ನಾಬಾಯಿ. "ಬಾಯಿ ಛಲೋ ಅದ ಆಕಿದು. ಕಿವಿ ಹೋಗ್ಯಾವ."

ವಿಶ್ವರಾಧ್ಯ ಕ್ಯಾಮೆರಾದಿಂದ ಕಣ್ಣು ತೆಗೆದ. ಚಿತ್ರ ಕೂಡಿಬಂದಿತ್ತು, ಕೈಗೂ ಮಾತಿಗೂ ಕೂದಲೆಳೆಯ ಅಂತರವಿರಲಿಲ್ಲ. ಆದರೆ ಅಂಡಿಗೆಗಳ ಮೇಲಿನ ಮುಖಗಳು ಬಾಡಿದ್ದವು. ಅವನು ತೆಗೆದ ಚಿತ್ರವನ್ನು ಸಣ್ಣ ಪರದೆಯಲ್ಲಿ ತಿರುಗಿಸಿ ನೋಡಿದ, ಮತ್ತೊಮ್ಮೆ ನೋಡಿದ. ಯಾಕೂಬಸಾಬನ ಕೈ ಇಳಿಯುವುದು ಅಂಚಿನಲ್ಲಿ ಕಾಣುತ್ತಿತ್ತು.

"ರತ್ನವ್ವ," ಎಂದ ಅವನು. "ಮದಿವಿಗೆ ಒಯ್ಯೋ ಸಣ್ಣ ಕ್ಯಾಮೆರಾ ಇನ್ನೆರಡು ಅದಾವ, ಮೂರೂ ಒಮ್ಮಿಗೇ ಹಚ್ತೀನಿ. ಒಂದೇ ಸರ್ತಿ. ಪೆಟ್ಟಿಗಿ ಬಂದ್. ನಡಿತದೇನ್ರಿ?"

"ಎರಡ್ನೇ ಸರ್ತಿ ಅದನ್ನೇ ಅನ್ನಂದ್ರ?"

"ಅನ್ನಂಗಿಲ್ರಿ. ಒಂದು ಮೈಕ್ ನಿಮಗ, ಒಂದು ದೈವಕ್ಕ."

ಅವಳು ಏಳುವಾಗ ಚಂದ್ರಕಲಾ ಅದಾಗಲೇ ಪರದೆಯ ಹಿಂದಿನಿಂದ ಬಂದು ಕಡ್ಡಿ ಚಾಚಿ ನಿಂತಿದ್ದಳು. "ತಗೋರಿ ಅತ್ತಿ. ಬರೇ ಕೈ ಆಡ್ಸಿ ನನಗ ಬ್ಯಾಸರಾತು."

"ಕೈ ಛಲೋ ಆಡಸ್ತೀ ನೀ," ಎಂದಳು ರತ್ನಾಬಾಯಿ. ಅದು ನಿಜವಾಗಿತ್ತು, ಆದ್ದರಿಂದ ಹೇಳಿದಳು.

ದೀಪ ಹೊತ್ತಿತು. ಪರಮಣ್ಣ ಗೆಜ್ಜೆ ಕಟ್ಟಿಕೊಂಡು ಹಲಗೆಯ ಮೇಲೆ ನಿಂತ. ಗಿಡ್ಡವ್ವ ಬಂದಳು, ಬರುವಾಗಲೇ ಮೂಗು ತಿರುವಿದಳು.

"ಉಂಡ್ರೇನ್ರಿ ದೈವ?"

"ಮೊದ್ಲ ನಂದು ಹೇಳು!" ಎಂದು ಯಾಕೂಬಸಾಬ ಎದ್ದೇ ನಿಂತ. "ಆಗಿಂದ ನನಗ ಯಾಕ ಮಾತಾಡಿಸ್ಲಿಲ್ಲ?"

"ಯಾರಿದು? ಅಯ್ಯ, ಯಾಕೂಬಸಾಬ್ರೇನು! ಅಂಡಗಿ ಮ್ಯಾಲ ಬಿಳೀ ಗಡ್ಡ ಕಂಡು, ಹತ್ತಿ ಒಡದು ಹೊರಗ ಬಂದದ ಅಂದ್ಕೊಂಡಿದ್ನೆಪ್ಪ! ಹತ್ತಿಗೆ ಯಾರರ ಮಾತಾಡಿಸ್ತಾರೇನು?"

ಗೋದಾಮಿನ ತಗಡು ಅದುರಿತು. ಯಾಕೂಬಸಾಬ ಗಡ್ಡ ಹಿಡಿದುಕೊಂಡು ಕುಸಿದು ಕುಳಿತ. ಅವನಷ್ಟು ಸಂತೋಷಪಟ್ಟವರು ಅಲ್ಲಿ ಇನ್ನೊಬ್ಬರಿರಲಿಲ್ಲ. ರೊಟ್ಟಿ ಕೊಡಲಿಗಳ ಲೆಕ್ಕ ಆಮೇಲೆ ಚುಕ್ತವಾಯಿತು. ಹಮಾಲರು ಒಬ್ಬರಾದ ಮೇಲೊಬ್ಬರು ಕೆಣಕಿದರು, ಒಬ್ಬರ ಮಾತೂ ನೆಲಕ್ಕೆ ಬೀಳಲಿಲ್ಲ. ಗೆಜ್ಜೆಯ ಕುಟ್ಟಿಗೆ ಕೆಲವು ಅಕ್ಷರಗಳು ಮುಳುಗಿದವು, ನಿಜ. ವಿಶ್ವರಾಧ್ಯ ಅವನ್ನು ಮುಳುಗಲು ಬಿಟ್ಟ.

ಮಧ್ಯಾಹ್ನ, ಎಡೆಗಳನ್ನು ಕೂಡಿಸಿದ ಮುದ್ರಣಕ್ಕೆ ಕುದುರೆ ಕೃಷ್ಣೆಯನ್ನು ಸುಖವಾಗಿ ಹಾರಿತು. ಕಡೆಯ ದೃಶ್ಯ ರಾಣಿಯ ಅಳಲು. ಆ ಹಾಡು ಉದ್ದ, ಉಸಿರು ತಿನ್ನುವಂಥದು; ಆಟವಾಡುವಾಗ ರತ್ನಾಬಾಯಿ ಉಸಿರನ್ನು ಹಾಡಿಗೆ ಉಳಿಸಿಕೊಂಡು ಗೊಂಬೆಯನ್ನು ಒಂದೆಡೆ ನಿಲ್ಲಿಸಿಬಿಡುತ್ತಿದ್ದಳು. ಈಗ ಹಾಡು ಪೆಟ್ಟಿಗೆಯಿಂದ ಬರುತ್ತಿತ್ತು. ಕಲಿತ ಹಾಡು, ಒಂದಕ್ಷರ ಕದಲದ್ದು. ರಾಣಿ ಯಾರ ಉತ್ತರಕ್ಕೂ ಕಾಯುವವಳಲ್ಲ. ರತ್ನಾಬಾಯಿಯ ಬಾಯಿ ತಾನಾಗಿಯೇ ಸುಮ್ಮನಿತ್ತು; ಕೈ, ಈ ಸಲ, ತಾನೇ ನಡೆಯಿತು. ರಾಣಿ ಪರದೆಯ ಉದ್ದಕ್ಕೂ ತೂಗಾಡಿದಳು, ಮುಖವನ್ನು ಅಂಗೈಯಲ್ಲಿ ಮುಚ್ಚಿದಳು, ಬಾಗಿ ಹೊಳೆಯ ಅಂಚಿಗೆ ಕೈ ಚಾಚಿದಳು. ಮುಗಿದಾಗ ಪರಮಣ್ಣ ಬೆರಗಿನಿಂದ ಕೇಳಿದ, "ಇದನ್ನ ಯಾವಾಗ ಕಲ್ತಿ?"

"ಈಗ," ಎಂದಳು ಅವಳು. "ಇಲ್ಲೀತನಾ ಉಸ್ರೆಲ್ಲ ಹಾಡಿಗೇ ಹೋಗ್ತಿತ್ತು, ಕೈಗೆ ಉಳೀತಿದ್ದಿಲ್ಲ. ನಿನ್ನ ಪೆಟ್ಟಿಗಿ ಕೆಟ್ಟದ್ದಲ್ಲ ಬಿಡು ತಮ್ಮಾ, ಅಳಾಕ ಛಲೋ ಅದ." ಕೊನೆಯ ಮಾತು ವಿಶ್ವರಾಧ್ಯನಿಗೆ.

ಮುಂದಿನದು ಇಷ್ಟು. ಚಿತ್ರವನ್ನು 2024ರ ನವೆಂಬರ್ 17, ಭಾನುವಾರ, ಯಾದಗಿರಿಯಲ್ಲಿ ಮೊದಲ ಸಲ ತೋರಿಸಲಾಯಿತು. ಅದರಲ್ಲಿ ಹಾಡುಗಳೆಲ್ಲ ಮೊದಲೇ ಮುದ್ರಿಸಿದವು. ಗಿಡ್ಡವ್ವನ ಭಾಗ ಮಾತ್ರ ಗೋದಾಮಿನಲ್ಲಿ ನಡೆದಂತೆಯೇ ಇದೆ. ಗಿಡ್ಡವ್ವ "ಉಂಡ್ರೇನ್ರಿ ದೈವ?" ಎಂದಾಗ ಸಭೆಯಲ್ಲಿದ್ದ ಕೆಲವರು "ಉಂಡೇವವ್ವ" ಎಂದು ಉತ್ತರ ಕೊಟ್ಟರು. ಚಿತ್ರದ ಗಿಡ್ಡವ್ವ ಅವರನ್ನು ಬಿಟ್ಟು ಯಾಕೂಬಸಾಬನಿಗೆ ಉತ್ತರಿಸಿದಳು. ಯಾಕೂಬಸಾಬ ಸಭೆಯಲ್ಲಿಯೇ ಇದ್ದುದರಿಂದ ಯಾರಿಗೂ ಕೊರತೆಯೆನಿಸಲಿಲ್ಲ. ರತ್ನಾಬಾಯಿ ಎರಡನೆಯ ಸಾಲಿನಲ್ಲಿ ಕುಳಿತು ನೋಡಿದಳು, ನಡುವೆ ಮಾತನಾಡಲಿಲ್ಲ.

2025ರ ಫೆಬ್ರವರಿ 9, ಭಾನುವಾರ, ಬೋನಾಳದ ಆಟದಲ್ಲಿ ಚಂದ್ರಕಲಾ ಮೊದಲ ಸಲ ಗಿಡ್ಡವ್ವನನ್ನು ಕೈಯಲ್ಲೂ ಬಾಯಲ್ಲೂ ಆಡಿಸಿದಳು. ಪೆಟ್ಟಿಗೆ ಇರಲಿಲ್ಲ. ರತ್ನಾಬಾಯಿ ಪರದೆಯ ಮುಂದೆ, ಮಂದಿಯ ನಡುವೆ ಕುಳಿತಿದ್ದಳು. ಮೊದಲ ಉತ್ತರ ಕೊಟ್ಟವಳು ಅವಳೇ, ಮೊದಲು ಬೈಸಿಕೊಂಡವಳೂ ಅವಳೇ.